ಮಂಗನ ಕಾಯಿಲೆ ಗೆದ್ದವರ ರಕ್ತದಲ್ಲಿ ನೆನಪು ಹುಡುಕುತ್ತಾ

ಮಂಗನ ಕಾಯಿಲೆ ಬಂದು ವಾಸಿಯಾದವರ ಮೈಯಲ್ಲಿ ಆ ವೈರಸ್ಸಿನ ನೆನಪು ಎಷ್ಟು ಕಾಲ ಉಳಿಯುತ್ತದೆ? ಲಸಿಕೆ ಹಾಕಿಸಿಕೊಂಡವರಲ್ಲಿ ಎಷ್ಟು ಉಳಿಯುತ್ತದೆ? ಇಬ್ಬರ ನೆನಪೂ ಒಂದೇ ಥರದ್ದಾ? ಶಿವಮೊಗ್ಗದ ಒಂದು ಪುಟ್ಟ ಲ್ಯಾಬಿನಲ್ಲಿ ಕೂತು ನಾನು ಹುಡುಕುತ್ತಿರುವುದು ಇದನ್ನೇ. ನಾನು ತೀರ್ಥಹಳ್ಳಿ ಕಡೆಯವಳು. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಜನ ಮೊದಲು ವಿಚಾರಿಸುತ್ತಾರೆ. ಹಾಗಾಗಿ ಈ ಪ್ರಶ್ನೆಗಳು ನನಗೆ ಪುಸ್ತಕದಿಂದ ಬಂದವಲ್ಲ.

ರಕ್ತ ಕೊಟ್ಟವರು ನಮ್ಮನ್ನು ಮತ್ತೆ ಮತ್ತೆ ಕೇಳುವುದು ಒಂದೇ ಮಾತು. "ಅಷ್ಟು ರಕ್ತ ತಗೊಂಡು ಹೋಗಿ ಎಂತ ಮಾಡ್ತೀರಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಒಂದರ ಹಿಂದೊಂದು ಸತ್ತವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಪತ್ತೆ ಮಾಡಿದರು. ಹರಡುವುದು ಉಣುಗಿನ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಪುಟ್ಟ ಹುಳದ, ಕಡಿತದಿಂದ. ಮಳೆ ನಿಂತ ಮೇಲೆ ಉಣುಗಿನ ಮರಿಗಳು ಕಾಡಿನ ದರಗಿನ (ಉದುರಿದ ಒಣ ಎಲೆಯ) ತುಂಬ ಇರುತ್ತವೆ. ನಮ್ಮವರು ಕೊಟ್ಟಿಗೆಗೆ ದರಗು ಗುಡಿಸಿ ತರಲು, ಸೌದೆ ತರಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಬದುಕಿ ಉಳಿದವರನ್ನು ಉಳಿಸಿದ್ದು ಆಸ್ಪತ್ರೆಯ ಆರೈಕೆ ಮತ್ತು ಅವರದ್ದೇ ಮೈಯ ರೋಗನಿರೋಧಕ ಶಕ್ತಿ. ಆ ಶಕ್ತಿ ನಿಜವಾಗಿ ಏನು ಮಾಡಿತು ಅಂತ ನೋಡುವುದು ನಮ್ಮ ಕೆಲಸ.

ಜ್ವರ ಬಂದಾಗ ಮಾಡುವ ಟೆಸ್ಟ್ ಬೇರೆ. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಮಾಡಿ ವೈರಸ್ ಇದೆಯಾ ನೋಡುತ್ತಾರೆ. ಆಮೇಲೆ ಐಜಿಎಂ ಪ್ರತಿಕಾಯ, ಅಂದರೆ ಸೋಂಕಾದಾಗ ಮೈ ಮೊದಲು ತಯಾರಿಸುವ, ವೈರಸ್ಸಿಗೆ ಅಂಟಿಕೊಳ್ಳುವ ಪ್ರೋಟೀನ್ ಇದೆಯಾ ನೋಡುತ್ತಾರೆ. ಎರಡಕ್ಕೂ ರಕ್ತಕಣಗಳು ಬದುಕಿರಬೇಕಾಗಿಲ್ಲ. ರಕ್ತದ ತಿಳಿ ತೆಗೆದು ಐಸಿನಲ್ಲಿಟ್ಟು ದೂರದ ಊರಿಗೆ ಕಳಿಸಿದರೂ ನಡೆಯುತ್ತದೆ. ನಮಗೆ ಬೇಕಾದದ್ದು ಟಿ ಕೋಶಗಳು, ಅಂದರೆ ವೈರಸ್ ಹೊಕ್ಕ ಕೋಶವನ್ನು ಗುರುತಿಸಿ ಕೊಲ್ಲುವ, ಉಳಿದ ಕೋಶಗಳಿಗೆ ಸಂದೇಶ ಕೊಡುವ ಬಿಳಿ ರಕ್ತಕಣಗಳು. ಕಾಯಿಲೆ ಹೋದ ಮೇಲೂ ಇವುಗಳಲ್ಲಿ ಒಂದಷ್ಟು ವರ್ಷಗಟ್ಟಲೆ ಉಳಿದು, ಅದೇ ವೈರಸ್ ಮತ್ತೆ ಬಂದರೆ ಬೇಗ ಎದ್ದು ನಿಲ್ಲುತ್ತವೆ. ಹೀಗೆ ಎದ್ದು ನಿಲ್ಲುತ್ತವೆಯಾ ಅಂತ ನೋಡಬೇಕಾದರೆ ಅವು ಜೀವಂತವಾಗಿರಲೇಬೇಕು. ಸತ್ತ ಕೋಶಕ್ಕೆ ನೆನಪು ಇತ್ತೋ ಇಲ್ಲವೋ ಅಂತ ಕೇಳಲು ಆಗುವುದಿಲ್ಲ, ಅಲ್ವಾ?

ಮಲೆನಾಡಿನ ಕಾಯಿಲೆಯ ಇಮ್ಯೂನಿಟಿ ಅಳೆಯುವ ಲ್ಯಾಬ್ ಮಲೆನಾಡಿನ ಹತ್ತಿರವೇ ಇರಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ. ರಕ್ತ ತೆಗೆದ ಏಳೆಂಟು ಗಂಟೆಯೊಳಗೆ ಕೋಶಗಳನ್ನು ಬೇರೆ ಮಾಡಿಬಿಡಬೇಕು. ತಡವಾದಷ್ಟೂ ಬೇರೆ ಬಿಳಿ ಕಣಗಳು ಕೆರಳಿ ನಮ್ಮ ಟಿ ಕೋಶಗಳ ಜೊತೆ ಬೆರೆತುಕೊಳ್ಳುತ್ತವೆ, ಟಿ ಕೋಶಗಳ ಚುರುಕೂ ಕಡಿಮೆಯಾಗುತ್ತದೆ. ಸಾಗರ ತಾಲ್ಲೂಕಿನ ಒಳಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನದೊಳಗೆ ಶಿವಮೊಗ್ಗ ತಲುಪುತ್ತದೆ. ಬೆಂಗಳೂರಿಗೆ ಒಯ್ದರೆ ಮುಟ್ಟುವಾಗಲೇ ರಾತ್ರಿ.

ಹಳ್ಳಿಗೆ ಹೋಗುವ ಮುಂಚೆ ನೈತಿಕ ಸಮಿತಿಯ ಒಪ್ಪಿಗೆ, ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ, ಆರೋಗ್ಯ ಇಲಾಖೆಗೆ ತಿಳಿಸುವುದು, ಎಲ್ಲ ಆಗಿರಬೇಕು. ಅದರ ವಿವರ ಬೇಡ. ಆದರೆ ಒಪ್ಪಿಗೆ ಪತ್ರ ಓದಿ ಹೇಳುವ ಹೊತ್ತು ನನಗೆ ಬಹಳ ಮುಖ್ಯ. ಆಶಾ ಅಕ್ಕ ಜೊತೆಗಿರುತ್ತಾರೆ. ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಓದುತ್ತೇವೆ. ಒಬ್ಬ ಅಜ್ಜಿ ಅರ್ಧಕ್ಕೇ ತಡೆದರು.

"ಕಾಯಿಲೆ ಹೋಗಿ ವರ್ಷ ಆತಲ್ಲ ಹುಡ್ಗಿ, ಈಗ ಎಂತಕ್ಕೆ ನನ್ನ ರಕ್ತ?"

"ಅದಕ್ಕೇ ಬೇಕಿತ್ತು ಅಜ್ಜಿ. ಹೋದ ಮೇಲೂ ನಿಮ್ಮ ರಕ್ತಕ್ಕೆ ಅದರ ನೆನಪು ಇದೆಯಾ ಅಂತ ನೋಡಬೇಕು."

"ಇದ್ರೆ ಮತ್ತೆ ಬರಲ್ಲನಾ?"

"ಹಾಗಂತ ಇವತ್ತು ಹೇಳಕ್ಕೆ ಆಗಲ್ಲ. ನಮ್ಮದು ಸಂಶೋಧನೆ, ಟೆಸ್ಟ್ ಅಲ್ಲ. ಕಾಡಿಗೆ ಹೋಗುವಾಗ ಉಣುಗು ಕಡಿಯದ ಹಾಗೆ ಎಣ್ಣೆ ಹಚ್ಚೋದು ಬಿಡಬೇಡಿ."

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಮತ್ತೆ ತೋಳು ಚಾಚಿ "ತಗಾ" ಅಂದರು. ಅಜ್ಜಿಗೆ ಜ್ವರದ ಜೊತೆ ಬಂದ ಸೊಂಟನೋವು, ಕಣ್ಣು ಕೆಂಪಾಗಿದ್ದು, ವಾರಗಟ್ಟಲೆ ಹಾಸಿಗೆ ಹಿಡಿದದ್ದು ಎಲ್ಲ ನೆನಪಿತ್ತು. ಅವರ ಮನೆಯವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರು, ಇವರಿಗೆ ಮಾತ್ರ ಬೂಸ್ಟರ್ ತಪ್ಪಿಹೋಗಿತ್ತು.

ರಕ್ತ ತೆಗೆಯುವುದು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೆ. ಹೆಪ್ಪುಗಟ್ಟದಂತೆ ತಡೆಯುವ ಔಷಧ ಅದರೊಳಗೆ ಮೊದಲೇ ಇರುತ್ತದೆ. ಒಟ್ಟು 30 ಎಂಎಲ್, ಅಂದರೆ ಎರಡು ದೊಡ್ಡ ಚಮಚ. ತುಂಬಿದ ಟ್ಯೂಬನ್ನು ನಿಧಾನಕ್ಕೆ ತಲೆಕೆಳಗು ಮಾಡಿ ಬೆರೆಸಬೇಕು, ಕುಲುಕಬಾರದು. ಇಲ್ಲಿ ಜೊತೆಗಿರುವವರಿಗೆಲ್ಲ ಒಂದು ಮಾತು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಈ ರಕ್ತ ಐಸಿನಲ್ಲಿಡಬಾರದು. ಲಸಿಕೆ, ಕಫದ ಸ್ಯಾಂಪಲ್, ಜ್ವರದ ರಕ್ತ ಎಲ್ಲವನ್ನೂ ಐಸ್ ಡಬ್ಬಿಯಲ್ಲಿ ಒಯ್ದು ಅಭ್ಯಾಸ ಇರುವವರಿಗೆ ಇದು ತೀರಾ ವಿಚಿತ್ರ ಅನ್ನಿಸುತ್ತದೆ. ಟಿ ಕೋಶಗಳಿಗೆ ಆ ಚಳಿ ಒಳ್ಳೆಯದಲ್ಲ. 20 ಡಿಗ್ರಿಯ ಆಸುಪಾಸು ಸಾಕು. ಹಾಗಂತ ಮಾರ್ಚಿನ ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೂ ಇಡುವ ಹಾಗಿಲ್ಲ. ಥರ್ಮೊಕೋಲ್ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ಕಾಲ ಬಳಿಯೇ ಇಟ್ಟುಕೊಳ್ಳುತ್ತೇನೆ. ತೀರ್ಥಹಳ್ಳಿಯಿಂದ ಬರುವ ದಿನ ಮಂಡಗದ್ದೆ ದಾಟುವಾಗ ಒಮ್ಮೆ, ಗಾಜನೂರಿನ ಹತ್ತಿರ ಇನ್ನೊಮ್ಮೆ ತೆಗೆದು ನೋಡುವುದು ಈಗ ಅಭ್ಯಾಸವೇ ಆಗಿಹೋಗಿದೆ.

ಲ್ಯಾಬಿನಲ್ಲಿ ಮೊದಲ ಕೆಲಸ ಕೋಶ ಬೇರೆ ಮಾಡುವುದು. ಟ್ಯೂಬಿನ ತಳದಲ್ಲಿ ಫೈಕಾಲ್ ಅನ್ನುವ ದ್ರವ ಹಾಕಿ, ಅದರ ಮೇಲೆ ಸಮಪ್ರಮಾಣ ಉಪ್ಪುದ್ರಾವಣ ಬೆರೆಸಿದ ರಕ್ತವನ್ನು ಪದರವಾಗಿ ಹಾಕಬೇಕು. ಫೈಕಾಲಿನ ಸಾಂದ್ರತೆ 1.077. ಕೆಂಪು ಕಣಗಳು ಅದಕ್ಕಿಂತ ಭಾರ, ಟಿ ಕೋಶಗಳು ಅದಕ್ಕಿಂತ ಹಗುರ. ನಾರ್ವೆಯ ಬೋಯಮ್ 1968ರಲ್ಲಿ ಬರೆದ ಈ ವಿಧಾನವನ್ನು ಇವತ್ತಿಗೂ ಜಗತ್ತಿನ ತುಂಬ ಬಳಸುತ್ತಾರೆ. ಟ್ಯೂಬನ್ನು ವಾಲಿಸಿ ಹಿಡಿದು, ಪಿಪೆಟ್ಟಿನ ತುದಿಯನ್ನು ಗೋಡೆಗೆ ತಾಗಿಸಿ, ರಕ್ತ ಜಾರಿ ಇಳಿಯುವಂತೆ ಬಿಡಬೇಕು. ಎರಡೂ ಬೆರೆತರೆ ಆ ಟ್ಯೂಬ್ ಕೆಟ್ಟ ಹಾಗೆ. ಕೈಗೆ ಇದು ಒಗ್ಗಬೇಕಾದರೆ ಸಮಯ ಹಿಡಿಯುತ್ತದೆ. ನಮ್ಮ ಮೇಡಂ ಹೊಸಬರಿಗೆ ರಕ್ತದ ಬದಲು ಬಣ್ಣದ ನೀರು ಕೊಟ್ಟು ಕಲಿಸುತ್ತಾರೆ. ಅದು ಒಳ್ಳೆಯ ಪದ್ಧತಿ. ಯಾರೋ ನಂಬಿ ಕೊಟ್ಟ ರಕ್ತದಲ್ಲಿ ಕೈ ಪಳಗಿಸಿಕೊಳ್ಳಬಾರದು.

ಆಮೇಲೆ ಟ್ಯೂಬುಗಳನ್ನು ಜೋರಾಗಿ ತಿರುಗಿಸುವ ಸೆಂಟ್ರಿಫ್ಯೂಜ್, 400 ಜಿಯಲ್ಲಿ, ಅಂದರೆ ಭೂಮಿಯ ಸೆಳೆತದ 400 ಪಟ್ಟು ಬಲದಲ್ಲಿ, ಅರ್ಧ ಗಂಟೆ. ನಿಲ್ಲಿಸುವಾಗ ಬ್ರೇಕ್ ಹಾಕಬಾರದು, ತಾನಾಗಿ ತಿರುಗಿ ನಿಲ್ಲಲು ಬಿಡಬೇಕು. ಬ್ರೇಕ್ ಬಿದ್ದರೆ ಪದರಗಳು ಕದಡುತ್ತವೆ. ಮುಚ್ಚಳ ತೆಗೆದಾಗ ತಳದಲ್ಲಿ ಕೆಂಪು, ಅದರ ಮೇಲೆ ತಿಳಿಯಾದ ಫೈಕಾಲ್, ಎಲ್ಲಕ್ಕಿಂತ ಮೇಲೆ ಹಳದಿ ಪ್ಲಾಸ್ಮಾ. ಫೈಕಾಲ್ ಮತ್ತು ಪ್ಲಾಸ್ಮಾ ಸೇರುವ ಜಾಗದಲ್ಲಿ ಅಕ್ಕಿ ತೊಳೆದ ನೀರಿನಂಥ ಬಿಳಿ ಮಸುಕಿನ ಒಂದು ಉಂಗುರ. ನಮಗೆ ಬೇಕಾದ ಕೋಶಗಳೆಲ್ಲ ಇರುವುದು ಆ ಉಂಗುರದಲ್ಲೇ. ಎಷ್ಟು ಸಲ ನೋಡಿದರೂ ನನಗೆ ಅಲ್ಲಿ ಒಂದು ಕ್ಷಣ ಕೈ ನಿಲ್ಲುತ್ತದೆ. ಅದನ್ನು ಸುತ್ತಲೂ ನಿಧಾನಕ್ಕೆ ಎಳೆದುಕೊಂಡು ಬೇರೆ ಟ್ಯೂಬಿಗೆ ಹಾಕಿ ತೊಳೆಯಬೇಕು. ಕೊನೆಯ ತೊಳೆತ ಕಡಿಮೆ ವೇಗದಲ್ಲಿ, ಪ್ಲೇಟ್‌ಲೆಟ್ ಹೋಗಲಿ ಅಂತ.

ಎಣಿಸುವುದು ಸೂಕ್ಷ್ಮದರ್ಶಕದ ಕೆಳಗೆ, ಟ್ರೈಪ್ಯಾನ್ ಬ್ಲೂ ಬಣ್ಣ ಬೆರೆಸಿ. ಸತ್ತ ಕೋಶದ ಒಳಗೆ ಬಣ್ಣ ಹೋಗಿ ನೀಲಿಯಾಗುತ್ತದೆ. ಬದುಕಿದ್ದರೆ ಬಣ್ಣ ಒಳಗೆ ಹೋಗುವುದಿಲ್ಲ, ಹೊಳೆಯುತ್ತಾ ಕಾಣುತ್ತದೆ. ಒಂದು ಎಂಎಲ್ ರಕ್ತಕ್ಕೆ ಸಾಮಾನ್ಯವಾಗಿ 10ರಿಂದ 20 ಲಕ್ಷ ಕೋಶ ಸಿಗುತ್ತವೆ. ಅಜ್ಜಿಯ ರಕ್ತದಲ್ಲಿ ನೀಲಿ ಕೋಶ ಹುಡುಕಬೇಕಾಗಿತ್ತು. ಬೆಳಿಗ್ಗೆ ಅವರ ಜಗಲಿಯಲ್ಲಿ ತೆಗೆದದ್ದು ಸಂಜೆ ನಾಲ್ಕಕ್ಕೆ ಹೀಗೆ ಹೊಳೆಯುತ್ತಿತ್ತು!

ಮುಂದಿನ ಪರೀಕ್ಷೆಯ ಹೆಸರು ಎಲಿಸ್ಪಾಟ್. ಸ್ವೀಡನ್ನಿನಲ್ಲಿ ಸರ್ಕಿನ್‌ಸ್ಕಿ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಮೊದಲು ಮಾಡಿದ್ದು ಪ್ರತಿಕಾಯ ತಯಾರಿಸುವ ಕೋಶ ಎಣಿಸಲು. ಈಗ ಟಿ ಕೋಶಕ್ಕೆ ಜಾಸ್ತಿ ಬಳಕೆ. ತೀರಾ ದುಬಾರಿ ಯಂತ್ರ ಬೇಡ, ಆದರೆ ಕೈ ಶುದ್ಧವಾಗಿರಬೇಕು. ಸಣ್ಣ ಊರಿನ ಲ್ಯಾಬಿಗೆ ಹೇಳಿ ಮಾಡಿಸಿದಂಥ ವಿಧಾನ ಅಂತ ನನ್ನ ಅಭಿಪ್ರಾಯ.

ಒಂದು ಪ್ಲೇಟಿನಲ್ಲಿ 96 ಗುಳಿ. ಪ್ರತಿ ಗುಳಿಯ ತಳ ತೆಳುವಾದ ಬಿಳಿ ಪೊರೆ. ಹಿಂದಿನ ದಿನವೇ ಆ ಪೊರೆಗೆ ಇಂಟರ್‌ಫೆರಾನ್ ಗಾಮಾ ಹಿಡಿಯುವ ಪ್ರತಿಕಾಯವನ್ನು ಅಂಟಿಸಿ ಫ್ರಿಜ್ಜಿನಲ್ಲಿ ಇಟ್ಟಿರುತ್ತೇವೆ. ಟಿ ಕೋಶ ತನಗೆ ಪರಿಚಯವಿರುವ ವೈರಸ್ಸಿನ ಚೂರು ಕಂಡರೆ ಹೊರಬಿಡುವ ಸಂದೇಶವೇ ಈ ಇಂಟರ್‌ಫೆರಾನ್. ಪ್ರತಿ ಗುಳಿಗೂ ಎರಡು ಲಕ್ಷ ಕೋಶ ಹಾಕುತ್ತೇವೆ. ಆಮೇಲೆ ವೈರಸ್ಸಿನ ಚೂರು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಾವು ಜೀವಂತ ವೈರಸ್ಸನ್ನು ಮುಟ್ಟುವುದೇ ಇಲ್ಲ. ಈ ವೈರಸ್ ಲ್ಯಾಬಿನವರಿಗೇ ತಗುಲಿದ ಉದಾಹರಣೆಗಳು ಹಿಂದೆ ಬೇಕಾದಷ್ಟಿವೆ, ಅದನ್ನು ಬೆಳೆಸಲು ತುಂಬಾ ಬಿಗಿ ಭದ್ರತೆಯ ಲ್ಯಾಬೇ ಬೇಕು. ನಾವು ಬಳಸುವುದು ಪೆಪ್ಟೈಡ್, ಅಂದರೆ ವೈರಸ್ಸಿನ ಪ್ರೋಟೀನಿನ ಪುಟ್ಟ ತುಣುಕುಗಳನ್ನು ರಾಸಾಯನಿಕವಾಗಿ ತಯಾರಿಸಿದ್ದು. ಒಂದೊಂದರಲ್ಲೂ 15 ಅಮೈನೋ ಆಮ್ಲ, ಪ್ರೋಟೀನಿಗೆ ಅವು ಅಕ್ಷರ ಇದ್ದ ಹಾಗೆ. ಮುಂದಿನ ತುಣುಕು ಹಿಂದಿನದರ 11 ಅಕ್ಷರ ಹಂಚಿಕೊಂಡು ನಾಲ್ಕು ಅಕ್ಷರ ಮುಂದೆ ಸರಿದಿರುತ್ತದೆ. ವೈರಸ್ಸಿನ ಹೊರಕವಚದ ಇ ಪ್ರೋಟೀನಿನಲ್ಲಿ ಸುಮಾರು 500 ಅಮೈನೋ ಆಮ್ಲ ಇವೆ, ಅದೊಂದಕ್ಕೇ 120ರಷ್ಟು ತುಣುಕು. ಇಷ್ಟು ಯಾಕೆ ಅಂದರೆ ಯಾವ ಚೂರನ್ನು ಟಿ ಕೋಶಕ್ಕೆ ತೋರಿಸಬೇಕು ಅಂತ ತೀರ್ಮಾನಿಸುವ ಎಚ್‌ಎಲ್‌ಎ ಅಣುಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅಜ್ಜಿಯ ಕೋಶ ಗುರುತಿಸುವ ಚೂರನ್ನು ಪಕ್ಕದ ಮನೆಯವರ ಕೋಶ ಗುರುತಿಸದೇ ಇರಬಹುದು. ಎಲ್ಲ ತುಣುಕುಗಳನ್ನು ಗುಂಪು ಮಾಡಿ ಹಾಕಿದರೆ ಯಾರನ್ನೂ ಬಿಟ್ಟ ಹಾಗಾಗುವುದಿಲ್ಲ.

ನಮ್ಮ ಪ್ರಶ್ನೆಯ ಜೀವಾಳ ಇರುವುದು ಯಾವ ಪ್ರೋಟೀನಿನ ತುಣುಕು ಹಾಕುತ್ತೇವೆ ಅನ್ನುವುದರಲ್ಲಿ. ಈ ವೈರಸ್ ಹತ್ತು ಪ್ರೋಟೀನ್ ತಯಾರಿಸುತ್ತದೆ. ಮೂರು ವೈರಸ್ಸಿನ ಮೈಯಲ್ಲೇ ಇರುತ್ತವೆ. ಉಳಿದ ಏಳು ವೈರಸ್ ನಮ್ಮ ಕೋಶದೊಳಗೆ ಹೊಕ್ಕು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಮಾತ್ರ ತಯಾರಾಗುತ್ತವೆ. ಮಲೆನಾಡಿನಲ್ಲಿ 1990ರ ದಶಕದಿಂದ ಕೊಟ್ಟ ಲಸಿಕೆ ಫಾರ್ಮಲಿನ್‌ನಿಂದ ಸಾಯಿಸಿದ ವೈರಸ್ಸಿನದು, ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿದ್ದು. ಸತ್ತ ವೈರಸ್ ಕೋಶದೊಳಗೆ ಪ್ರತಿ ಮಾಡುವುದಿಲ್ಲ. ಹಾಗಾಗಿ ಲಸಿಕೆ ಹಾಕಿಸಿಕೊಂಡವರ ಮೈ ನೋಡುವುದು ಮುಖ್ಯವಾಗಿ ಆ ಮೂರು ಪ್ರೋಟೀನನ್ನು. ಕಾಯಿಲೆಯೇ ಬಂದವರ ಮೈ ಹತ್ತನ್ನೂ ನೋಡಿರುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಸೋಂಕಿತ ಕೋಶವನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ಚೆನ್ನಾಗಿ ಎಚ್ಚರಗೊಳ್ಳುವುದು ಕೋಶದೊಳಗೇ ಪ್ರೋಟೀನ್ ತಯಾರಾದಾಗ. ಮಂಗನ ಕಾಯಿಲೆಯ ರೋಗಿಗಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮೊದಲ ಎರಡು ವಾರಗಳಲ್ಲಿ ಸಿಡಿ8 ಕೋಶಗಳು ಜೋರಾಗಿ ಎದ್ದದ್ದು ಕಂಡಿತ್ತು. ಸಾಯಿಸಿದ ವೈರಸ್ಸಿನ ಲಸಿಕೆಗಳು ಸಾಮಾನ್ಯವಾಗಿ ಈ ಕೋಶಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ.

ಹಳೆಯ ಲಸಿಕೆಯ ಲೆಕ್ಕ ನೋಡಿ. ಮೊದಲ ವರ್ಷಗಳ ಪರೀಕ್ಷೆಯಲ್ಲಿ ಎರಡು ಡೋಸಿಗೆ ಶೇ 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಮಾಹಿತಿ ಕೂಡಿಸಿದಾಗ ಅದು ಶೇ 62ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ 83. ವರ್ಷ ವರ್ಷ ಬೂಸ್ಟರ್ ಬೇಕು ಅಂದರೆ ಕಾಡಂಚಿನ ಒಂಟಿಮನೆಯವರಿಗೆ ಅದು ಸುಲಭವಲ್ಲ. ಚುಚ್ಚಿದ ಜಾಗ ಬಹಳ ನೋಯುತ್ತಿತ್ತು, ಅದಕ್ಕೂ ಜನ ಹಿಂದೇಟು ಹಾಕಿದರು. ಕೊನೆಗೆ 2022ರ ಹೊತ್ತಿಗೆ ಆ ಲಸಿಕೆ ಕೊಡುವುದೇ ನಿಂತಿತು. ಇದಕ್ಕೂ ಎಷ್ಟೋ ಮೊದಲು, ಕಾಯಿಲೆ ಹೊಸದಾಗಿದ್ದಾಗ, ರಷ್ಯಾ ಕಡೆಯ ಉಣುಗಿನ ಮೆದುಳು ಜ್ವರದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದ್ದರು. ಎರಡೂ ವೈರಸ್ ಹತ್ತಿರದ ಸಂಬಂಧಿಗಳು, ಆದರೂ ಅದು ಕೆಲಸಕ್ಕೆ ಬರಲಿಲ್ಲ. ಯಾವ ಲಸಿಕೆ ಮೈಯಲ್ಲಿ ಎಂಥ ನೆನಪು ಬಿಡುತ್ತದೆ ಅಂತ ಮೊದಲೇ ಅಳೆಯುವ ದಾರಿ ಇದ್ದರೆ ನಮ್ಮ ಜನರ ಎಷ್ಟೋ ವರ್ಷ ಉಳಿಯುತ್ತಿತ್ತು.

ಪ್ಲೇಟಿನ ಕಡೆ ಬರುತ್ತೇನೆ. ಕೆಲವು ಗುಳಿಗೆ ಏನೂ ಹಾಕದ ಮಾಧ್ಯಮ ಮಾತ್ರ. ಅಲ್ಲಿ ಚುಕ್ಕೆ ಬರಬಾರದು. ಕೆಲವಕ್ಕೆ ಎಲ್ಲ ಟಿ ಕೋಶಗಳನ್ನೂ ಎಬ್ಬಿಸುವ ಪಿಎಚ್‌ಎ. ಅಲ್ಲಿ ಬರಲೇಬೇಕು. ಈ ಎರಡು ಸರಿಯಿದ್ದರೆ ಮಾತ್ರ ಉಳಿದ ಗುಳಿಗಳನ್ನು ನಂಬುವುದು. ಪ್ಲೇಟ್ 37 ಡಿಗ್ರಿಯ, ಶೇ 5 ಇಂಗಾಲದ ಡೈ ಆಕ್ಸೈಡ್ ಇರುವ ಇನ್‌ಕ್ಯುಬೇಟರಿಗೆ ಹೋಗುತ್ತದೆ. ಆ ರಾತ್ರಿ ಯಾರೂ ಬಾಗಿಲು ತೆಗೆಯಬಾರದು, ಪ್ಲೇಟ್ ಅಲುಗಬಾರದು. ಕೋಶ ಕೂತಲ್ಲೇ ಕೂತು ಸುತ್ತಲೂ ಇಂಟರ್‌ಫೆರಾನ್ ಬಿಡಬೇಕು. ಜರುಗಿದರೆ ದುಂಡು ಚುಕ್ಕೆಯ ಬದಲು ಗೀರು ಮೂಡಿ ಎಣಿಕೆ ಕೆಡುತ್ತದೆ. ಮಳೆಗಾಲದಲ್ಲಿ ಕರೆಂಟಿನ ಚಿಂತೆ ಬೇರೆ. ಗಾಳಿಗೆ ಮರ ಲೈನಿನ ಮೇಲೆ ಬೀಳುವುದು ನಮಗೇನು ಹೊಸದಲ್ಲ. ಇನ್‌ಕ್ಯುಬೇಟರಿಗೆ ಪ್ರತ್ಯೇಕ ಯುಪಿಎಸ್ ಇದೆ. ಆದರೂ ಜೋರು ಮಳೆ ಬಂದ ರಾತ್ರಿ ಕಾವಲಿನ ಅಣ್ಣನಿಗೆ ಫೋನ್ ಮಾಡಿ "ಅಣ್ಣಾ, ಒಳಗೆ ಹಸಿರು ಲೈಟ್ ಇದೆಯಾ ಒಂದು ಸಲ ನೋಡಿ" ಅಂತ ಕೇಳುತ್ತೇನೆ. ಅವರು ಬೇಸರ ಮಾಡಿಕೊಳ್ಳದೆ ನೋಡಿ ಹೇಳುತ್ತಾರೆ.

ಮಾರನೆಯ ದಿನ ಕೋಶಗಳನ್ನು ತೊಳೆದು ತೆಗೆದುಬಿಡುತ್ತೇವೆ. ಅವು ಬಿಟ್ಟುಹೋದ ಇಂಟರ್‌ಫೆರಾನ್ ಪೊರೆಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ಎರಡನೇ ಪ್ರತಿಕಾಯ, ಆಮೇಲೆ ಕಿಣ್ವ, ಕೊನೆಗೆ ಬಣ್ಣ ಕೊಡುವ ದ್ರವ. ಈ ಕೊನೆಯ ಹಂತದಲ್ಲಿ ಕಣ್ಣು ಕೀಳುವಂತಿಲ್ಲ. ಮೊದಲು ಪಿಎಚ್‌ಎ ಗುಳಿಗಳಲ್ಲಿ ನೇರಳೆ ಬಣ್ಣ ಮಸುಕಾಗಿ ಹಬ್ಬುತ್ತದೆ. ಆಮೇಲೆ ಪೆಪ್ಟೈಡ್ ಗುಳಿಗಳಲ್ಲಿ ಒಂದು, ಮತ್ತೊಂದು ಅಂತ ಚುಕ್ಕೆಗಳು ಏಳುತ್ತವೆ. ಹಿನ್ನೆಲೆ ಕಪ್ಪಾಗುವ ಮೊದಲೇ ನಲ್ಲಿಯ ನೀರಿಗೆ ಹಿಡಿದು ನಿಲ್ಲಿಸಬೇಕು.

ಅಜ್ಜಿಯ ಪ್ಲೇಟ್ ಒಣಗಿದ ಮೇಲೆ ಲೆನ್ಸಿನ ಕೆಳಗೆ ಇಟ್ಟು ನೋಡಿದೆ. ಖಾಲಿ ಗುಳಿಗಳು ಬೆಳ್ಳಗಿದ್ದವು. ಇ ಪ್ರೋಟೀನಿನ ಗುಳಿಯಲ್ಲಿ ಚುಕ್ಕೆ ಇತ್ತು. ಎನ್‌ಎಸ್3 ಪ್ರೋಟೀನಿನ ಗುಳಿಯಲ್ಲೂ ಇತ್ತು, ನಡು ಗಾಢ, ಅಂಚು ಮಸುಕು, ಒಳ್ಳೆಯ ದುಂಡು ಚುಕ್ಕೆಗಳು. ಎನ್‌ಎಸ್3 ವೈರಸ್ ಕೋಶದೊಳಗೆ ಪ್ರತಿ ಮಾಡುವಾಗ ತಯಾರಾಗುವಂಥದ್ದು. ಒಂದೊಂದು ಚುಕ್ಕೆಯೂ ಒಂದೊಂದು ಕೋಶ, ಎರಡು ಲಕ್ಷದಲ್ಲಿ ಆರಿಸಿ ಎದ್ದು ನಿಂತದ್ದು. ಅಜ್ಜಿ ಹಾಸಿಗೆ ಹಿಡಿದು ಮಲಗಿದ್ದ ದಿನಗಳಲ್ಲಿ ಕಾದಾಡಿದ ಕೋಶಗಳ ವಂಶದವು ಅವು. ನನಗೆ ಕಣ್ಣು ತುಂಬಿ ಬಂತು ಅಂತ ಹೇಳಲು ಸಂಕೋಚವಿಲ್ಲ.

ಆದರೂ ಇಷ್ಟಕ್ಕೇ ನಂಬುವ ಹಾಗಿಲ್ಲ. ಡೆಂಗಿ ವೈರಸ್ಸೂ ಇದೇ ಫ್ಲೇವಿವೈರಸ್ ಕುಟುಂಬದ್ದು, ಶಿವಮೊಗ್ಗದಲ್ಲಿ ಡೆಂಗಿ ಬಂದುಹೋದವರು ತುಂಬ ಜನ. ಡೆಂಗಿ ನೆನಪಿಟ್ಟುಕೊಂಡ ಟಿ ಕೋಶ ನಮ್ಮ ತುಣುಕಿಗೂ ಎದ್ದು ನಿಂತರೆ? ಅದಕ್ಕೆ ಡೆಂಗಿ ಮಾತ್ರ ಬಂದ, ಕಾಡಿನ ಕಡೆ ಹೋಗದ, ಲಸಿಕೆಯನ್ನೂ ಹಾಕಿಸಿಕೊಳ್ಳದ ಪೇಟೆಯವರ ರಕ್ತವನ್ನೂ ಜೊತೆಗೇ ಇಟ್ಟು ನೋಡುತ್ತೇವೆ. ಅವರ ಕೋಶಗಳೂ ಏಳುವ ತುಣುಕಿನ ಗುಂಪನ್ನು ಲೆಕ್ಕದಿಂದ ಕೈಬಿಡುತ್ತೇವೆ. ಈ ಕೆಲಸ ನೀರಸ, ಆದರೆ ಇದನ್ನು ಬಿಟ್ಟರೆ ಉಳಿದದ್ದಕ್ಕೆ ಬೆಲೆಯೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಇರುವುದು ಇದರ ಇನ್ನೊಂದು ಮಗ್ಗುಲಿನಲ್ಲಿ. ರೋಗನಿರೋಧಕ ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯ ಪುಡಿ, ಕಷಾಯದ ಡಬ್ಬಿಗಳ ಮೇಲೆಲ್ಲ ಬರೆದಿರುತ್ತದೆ. ಅದು ಪೂರ್ತಿ ನಿಜವಲ್ಲ. ಎದ್ದ ಕೋಶಗಳನ್ನು ಸಮಯಕ್ಕೆ ಸರಿಯಾಗಿ ತಣ್ಣಗಾಗಿಸಬೇಕು, ಇಲ್ಲದಿದ್ದರೆ ಅವು ನಮ್ಮ ಮೈಯನ್ನೇ ಹಾಳು ಮಾಡುತ್ತವೆ. ಆ ಕೆಲಸಕ್ಕೆ ಅಂತಲೇ ನಿಯಂತ್ರಕ ಟಿ ಕೋಶಗಳಿವೆ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಸಿಡಿ25 ಅನ್ನುವ ಗುರುತಿನಿಂದ ಇವುಗಳನ್ನು ತೋರಿಸಿಕೊಟ್ಟರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಕಾಯಿಲೆಯ ಇಲಿಗಳ ಒಂದು ತಳಿಯಲ್ಲಿ ಕೆಟ್ಟಿದ್ದ ಫಾಕ್ಸ್‌ಪಿ3 ಜೀನನ್ನು ಹುಡುಕಿದರು. ಅದೇ ಜೀನ್ ಈ ಕೋಶಗಳ ಮೂಲ ಅಂತ ಆಮೇಲೆ ಗೊತ್ತಾಯಿತು. ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ಬಂದ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಹಬ್ಬ. ಮೇಡಂ ಮೈಸೂರು ಪಾಕ್ ತರಿಸಿದರು.

ಮಂಗನ ಕಾಯಿಲೆಯಲ್ಲಿ ಇದು ಸುಮ್ನೆ ಪುಸ್ತಕದ ವಿಷಯವಲ್ಲ. ಕೆಲವರಿಗೆ ಮೊದಲ ಜ್ವರ ಬಿಟ್ಟು, ಒಂದೆರಡು ವಾರ ಸುಧಾರಿಸಿಕೊಂಡು, ಮತ್ತೆ ಜ್ವರ ತಿರುಗುತ್ತದೆ. ಆಗ ತಲೆನೋವು, ಕೈ ನಡುಕ, ಮಂಪರು ಬರುತ್ತದೆ. ಆ ಎರಡನೇ ಸುತ್ತಿನಲ್ಲಿ ವೈರಸ್ಸಿನ ಪಾಲೆಷ್ಟು, ತಣ್ಣಗಾಗದ ನಮ್ಮದೇ ಕೋಶಗಳ ಪಾಲೆಷ್ಟು? ಈ ದಿಕ್ಕಿನಲ್ಲಿ ನಾವು ಇಡುತ್ತಿರುವುದು ಪುಟ್ಟ ಹೆಜ್ಜೆ. ಒಬ್ಬರ ಕೋಶಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸಿಡಿ25 ಹಿಡಿಯುವ ಸೂಕ್ಷ್ಮ ಅಯಸ್ಕಾಂತದ ಮಣಿ ಬೆರೆಸುತ್ತೇವೆ. ಅಯಸ್ಕಾಂತದ ನಡುವಿನ ಕೊಳವೆಯಲ್ಲಿ ಹಾಯಿಸಿದಾಗ ನಿಯಂತ್ರಕ ಕೋಶಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಉಳಿದವು ಕೆಳಗೆ ಇಳಿಯುತ್ತವೆ. ಆಮೇಲೆ ಎರಡೂ ಪಾಲನ್ನು ಪಕ್ಕಪಕ್ಕದ ಗುಳಿಯಲ್ಲಿ ಹಾಕಿ ಚುಕ್ಕೆ ಎಣಿಸುವುದು. ನಿಯಂತ್ರಕಗಳನ್ನು ತೆಗೆದಾಗ ಚುಕ್ಕೆ ಹೆಚ್ಚಾದರೆ, ಅಲ್ಲಿಯವರೆಗೂ ಅವು ಉಳಿದ ಕೋಶಗಳನ್ನು ತಡೆದು ಹಿಡಿದಿದ್ದವು ಅಂತ ಅರ್ಥ. ಕೆಲವರಲ್ಲಿ ಹೀಗೆ ಹೆಚ್ಚಾಗುತ್ತದೆ, ಕೆಲವರಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಹೊಸದಾಗಿ ಎಚ್ಚರಗೊಂಡ ಕೋಶಗಳ ಮೇಲೂ ಸಿಡಿ25 ಇರುವುದರಿಂದ ಜ್ವರದಲ್ಲಿರುವವರ ರಕ್ತದಲ್ಲಿ ಇದನ್ನು ಮಾಡಿದರೆ ಗೊಂದಲ. ವಾಸಿಯಾಗಿ ತಿಂಗಳುಗಳು ಕಳೆದವರೇ ಬೇಕು.

ಉಳಿದ ಕೋಶಗಳನ್ನು, ಚಳಿಗೆ ಒಡೆಯದಂತೆ ಕಾಯುವ ಡಿಎಂಎಸ್‌ಒ ದ್ರವ ಬೆರೆಸಿ ಹೆಪ್ಪುಗಟ್ಟಿಸುತ್ತೇವೆ. ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗಾಗಬೇಕು, ಆಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಹಾಗಿಟ್ಟ ಕೋಶಗಳು ವರ್ಷಗಳ ನಂತರವೂ ಎಚ್ಚರಗೊಳ್ಳುತ್ತವೆ. ಡ್ರಮ್ಮಿನೊಳಗೆ ಅಳತೆ ಕೋಲು ಇಳಿಸಿ ತೆಗೆದರೆ ದ್ರವ ಇದ್ದಷ್ಟು ಉದ್ದಕ್ಕೆ ಬಿಳಿ ಹಿಮ ಕಟ್ಟುತ್ತದೆ. ಅದನ್ನು ನೋಡಿ ಪುಸ್ತಕದಲ್ಲಿ ಬರೆದು, ಕಡಿಮೆಯಾಗಿದ್ದರೆ ತುಂಬಿಸಬೇಕು. ಹಬ್ಬ, ರಜೆ ಅಂತ ಇದನ್ನು ತಪ್ಪಿಸುವ ಹಾಗಿಲ್ಲ.

ಫಲಿತಾಂಶ ತಿಳಿಸಲು ಹಳ್ಳಿಗೆ ಹೋದಾಗ ಶಾಲೆಯ ಕೋಣೆಯಲ್ಲಿ ಜನ ಸೇರಿದ್ದರು. ಯಾರ ಹೆಸರನ್ನೂ ಹೇಳದೆ ಪ್ಲೇಟಿನ ಫೋಟೋ ತೋರಿಸಿದೆ. ಒಬ್ಬರು ಕೇಳಿದ್ದು ನೇರ ಪ್ರಶ್ನೆ. "ಹೊಸ ಲಸಿಕೆ ಬಂದ್ರೆ ಇದು ಯಾವ ಲೆಕ್ಕಕ್ಕೆ?" ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಡೆಯಿಂದ ಹೊಸ ಲಸಿಕೆಯ ಕೆಲಸ ನಡೆಯುತ್ತಿರುವುದು ಅವರಿಗೂ ಗೊತ್ತಿತ್ತು. ನಾನು ಹೇಳಿದ್ದು ಇಷ್ಟು. ಲಸಿಕೆ ನಮ್ಮ ಊರಿಗೆ ಬಂದು, ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಚುಕ್ಕೆ ಕಂಡರೆ ಅದು ಲಸಿಕೆಯಿಂದ ಬಂದದ್ದೋ, ಎಂದೋ ಗೊತ್ತಾಗದೆ ಬಂದುಹೋದ ಸೋಂಕಿನದೋ, ಹಳೆಯ ಲಸಿಕೆಯದೋ ಅಂತ ಹೇಗೆ ಹೇಳುವುದು? ಅದಕ್ಕೆ ಲಸಿಕೆಗೆ ಮೊದಲಿನ ರಕ್ತ ಬೇಕು. ಮೊದಲಿನ ರಕ್ತವನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಈಗಲೇ ತೆಗೆದು ಸಾರಜನಕದಲ್ಲಿ ಇಟ್ಟಿರಬೇಕು.

ಹಾಗಾಗಿ ಈ ಮಳೆ ಮುಗಿದ ಮೇಲೆ, ಉಣುಗಿನ ಕಾಲ ಶುರುವಾಗುವ ಮುಂಚೆ, ಸಾಗರ, ತೀರ್ಥಹಳ್ಳಿ, ಸೊರಬ ಕಡೆಯ ಕಾಡಂಚಿನ ಮನೆಗಳಿಗೆ ಮತ್ತೆ ಬರುತ್ತೇವೆ. ಕಾಯಿಲೆ ಬಂದವರು, ಲಸಿಕೆ ಹಾಕಿಸಿಕೊಂಡವರು, ಎರಡೂ ಇಲ್ಲದವರು, ಎಲ್ಲರೂ ಬೇಕು. ಕೇಳುವುದು 30 ಎಂಎಲ್ ರಕ್ತ, ಜೊತೆಗೆ ಹಳೆಯ ಲಸಿಕೆಯ ಚೀಟಿ ಇದ್ದರೆ ಅದರ ಫೋಟೋ. ಅಜ್ಜಿ ಆಗಲೇ ತಮ್ಮ ಮಗ ಸೊಸೆಯ ಹೆಸರು ಬರೆಸಿದ್ದಾರೆ.